ಎಂಜಿನ್ ನಿಂತ ಮೇಲೆ

ನಮ್ಮ ಶೆಡ್ಡಿನ ಹಿಂದೆ ಒಂದು ತಗ್ಗು ಇದೆ. ಎಣ್ಣೆ ಡ್ರಮ್ಮೊಂದನ್ನು ಹೂಳಲು ನಾನೇ ತೋಡಿದ್ದ ಗುಂಡಿ ಅದು. ಡ್ರಮ್ಮು ಈಗ ಅಲ್ಲಿಲ್ಲ. ಗುಂಡಿಗೆ ಮಣ್ಣು ತುಂಬಿ, ತುಳಿದು, ಮೇಲೆ ಜಲ್ಲಿ ಹರಡಿದ್ದೇನೆ. ಆದರೂ ಕೆಲವು ದಿನ ಬಿಟ್ಟು ನೋಡಿದರೆ ಮಣ್ಣು ಮತ್ತೆ ಕುಸಿದಿರುತ್ತದೆ, ತೂಕದ್ದೇನೋ ಬಂದು ಅಲ್ಲಿ ಸ್ವಲ್ಪ ಹೊತ್ತು ನಿಂತು ಹೋದ ಹಾಗೆ. ನಾನು ಇನ್ನೊಂದು ಬಾಂಡ್ಲಿ ಮಣ್ಣು ತಂದು ಸುರಿಯುತ್ತೇನೆ.

ಆ ಡ್ರಮ್ಮು ಯಾಕೆ ಬೇಕಾಯಿತು ಎಂದು ಹೇಳಬೇಕಾದರೆ ಅಪ್ಪನಿಂದ ಶುರುಮಾಡಬೇಕು.

ಅಪ್ಪ ಹೊಂಗಡಹಳ್ಳದ ರಸ್ತೆಯಲ್ಲಿರುವ ಒಂದು ಕಾಫಿ ಎಸ್ಟೇಟಿನಲ್ಲಿ ಎಂಜಿನ್ ಡ್ರೈವರ್ ಆಗಿದ್ದರು. ಗಾಡಿ ಓಡಿಸುವ ಕೆಲಸವಲ್ಲ. ಕೊಯ್ದ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರನ್ನು ತಿರುಗಿಸಲು ಸ್ಟೋರಿನಲ್ಲಿ ಒಂದು ಹಳೆಯ ಸೀಮೆಎಣ್ಣೆ ಎಂಜಿನ್ ಇತ್ತು. ಒಂದೇ ಸಿಲಿಂಡರು, ಎರಡು ಕಡೆ ಎರಡು ದೊಡ್ಡ ಚಕ್ರ. ಅದನ್ನು ಹೊರಡಿಸುವುದು, ನೋಡಿಕೊಳ್ಳುವುದು, ನಿಲ್ಲಿಸುವುದು ಅಪ್ಪನ ಕೆಲಸ. ಕೊಯ್ಲಿನ ತಿಂಗಳುಗಳಲ್ಲಿ ಸಂಜೆಗೆ ಹಣ್ಣು ಅಳತೆಯಾಗಿ ಬಂದ ಮೇಲೆ ಎಂಜಿನ್ ಹೊರಡುತ್ತಿತ್ತು. ಕೆಲಸಗಾರರ ಸಾಲಿನಲ್ಲಿ ನಾವಿದ್ದ ಲೈನ್ ಮನೆಯ ಗೋಡೆಗಳಿಗೂ ಅದರ ಸದ್ದು ಕೇಳುತ್ತಿತ್ತು. ಒಂದು ಸಲ 'ಠಪ್' ಎಂದು ಸಿಡಿದು, ಆಮೇಲೆ ಸಿಡಿಯದೆ ಬರೀ ಉಸಿರು ಬಿಡುತ್ತ ತಿರುಗಿ, ಎಲ್ಲಿ ನಿಂತೇ ಹೋಯಿತೋ ಅನ್ನುವಾಗ ಮತ್ತೆ 'ಠಪ್'. ಆ ಎಂಜಿನ್ ಕೆಲಸ ಮಾಡುವ ಕ್ರಮವೇ ಹಾಗೆ. ವೇಗ ಹೆಚ್ಚಾದಾಗ ಒಂದು ಸಣ್ಣ ಕೊಕ್ಕೆ ಬಂದು ಹೊಗೆ ಬಿಡುವ ವಾಲ್ವನ್ನು ತೆರೆದೇ ಹಿಡಿಯುತ್ತದೆ. ಚಕ್ರಗಳು ತಮ್ಮ ಭಾರದಲ್ಲೇ ತಿರುಗುತ್ತವೆ. ವೇಗ ಇಳಿದಾಗ ಕೊಕ್ಕೆ ಬಿಡುತ್ತದೆ, ಮತ್ತೊಂದು ಸಲ ಸಿಡಿಯುತ್ತದೆ. ಇದೆಲ್ಲ ನಾನು ಆಮೇಲೆ ಓದಿ ತಿಳಿದದ್ದು. ಚಿಕ್ಕವಳಾಗಿದ್ದಾಗ ಅದು ಗುಡ್ಡದ ಉಸಿರು ಎಂದುಕೊಂಡಿದ್ದೆ.

ನಾನು ಹೈಸ್ಕೂಲಿಗೆ ಬರುವಷ್ಟರಲ್ಲಿ ಸ್ಟೋರಿಗೆ ಕರೆಂಟ್ ಮೋಟರ್ ಬಂತು. ಎಂಜಿನನ್ನು ಮೂಲೆಗೆ ತಳ್ಳಿದರು. ಅಪ್ಪ ಕೆಲಸ ಬಿಟ್ಟು ರಸ್ತೆ ಬದಿಗೆ ಒಂದು ಮನೆ ಮಾಡಿ, ಪಕ್ಕದಲ್ಲಿ ತಗಡಿನ ಶೆಡ್ ಎಬ್ಬಿಸಿ, ಆನೇಮಹಲಿನಲ್ಲಿ ಮುಚ್ಚಿಹೋಗಿದ್ದ ವರ್ಕ್‌ಶಾಪಿನಿಂದ ಕಬ್ಬಿಣ ಕಡೆಯುವ ಒಂದು ಲೇಥ್ ತಂದು ಕೂರಿಸಿದರು. ಸುತ್ತಲಿನ ತೋಟಗಳ ಪಲ್ಪರ್ ಶಾಫ್ಟು, ಪಂಪಿನ ಬುಷ್ಷು ಎಲ್ಲ ಅಲ್ಲಿಗೇ ಬರುತ್ತಿದ್ದವು. ನಾನು ಲೇಥ್ ಹಿಡಿಯಲು ಕಲಿತದ್ದು ಆ ಶೆಡ್ಡಿನಲ್ಲಿ. ಹಾಸನದ ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಲಿತದ್ದು ಅದಕ್ಕೆ ಇಂಗ್ಲಿಷಿನ ಹೆಸರುಗಳನ್ನು. ಈಗ ಮನೆಯಲ್ಲೇ ಕುಳಿತು ಒಂದು ಕಂಪನಿಗೆ ಯಂತ್ರದ ಬಿಡಿಭಾಗಗಳ ಚಿತ್ರ ಬರೆದುಕೊಡುತ್ತೇನೆ. ಮಾತು ಕಡಿಮೆಯಿರುವ ಕೆಲಸ. ನನಗೆ ಒಗ್ಗುತ್ತದೆ.

ಅಪ್ಪನಿಗೆ ಮರೆವು ಶುರುವಾದದ್ದು ಶೆಡ್ಡಿನಲ್ಲೇ. ಒಂದು ದಿನ ಲೇಥಿನ ಮುಂದೆ ನಿಂತು, ಕೈಯಲ್ಲಿದ್ದ ಕಬ್ಬಿಣದ ತುಂಡನ್ನು ನೋಡುತ್ತ, ಇದನ್ನು ಯಾವ ಕಡೆಗೆ ಕಟ್ಟುವುದು ಎಂದು ನನ್ನನ್ನು ಕೇಳಿದರು. ಆಮೇಲೆ ಹೆಸರುಗಳು ಹೋದವು. ಆಮೇಲೆ ಮುಖಗಳು. ನನ್ನನ್ನು ಕೆಲವೊಮ್ಮೆ ತಮ್ಮ ತಂಗಿ ಎಂದೂ, ಕೆಲವೊಮ್ಮೆ ಸ್ಟೋರಿಗೆ ಲೆಕ್ಕ ನೋಡಲು ಬಂದವಳೆಂದೂ ತಿಳಿಯುತ್ತಿದ್ದರು. ಡಾಕ್ಟರು ಮಾತ್ರೆ ಕೊಟ್ಟರು, ಗಾಬರಿಪಡಿಸಬೇಡಿ, ಕೂಡಿಹಾಕಬೇಡಿ ಎಂದರು.

ಹಾಗೆ ಒಂದು ಕೊಯ್ಲಿನ ಕಾಲದಲ್ಲಿ ಅಪ್ಪ ಕೆಲಸಕ್ಕೆ ಹೋಗಲು ಶುರುಮಾಡಿದರು.

ಸಂಜೆ ಬಿಸಿಲು ತೋಟದ ನೆರಳಿಗೆ ನೆಟ್ಟ ಸಿಲ್ವರ್ ಮರಗಳ ತುದಿಗೆ ಏರಿದ ಕೂಡಲೇ ಎದ್ದು, ಖಾಕಿ ಅಂಗಿ ಹಾಕಿಕೊಂಡು, ಕೈ ಒರೆಸುವ ವೇಸ್ಟ್ ಬಟ್ಟೆಯ ಉಂಡೆಯೊಂದನ್ನು ಹಿಡಿದು ಹೊರಟುಬಿಡುತ್ತಿದ್ದರು. ಎಸ್ಟೇಟಿನ ಸ್ಟೋರಿಗೆ ಹೋಗುವ ದಾರಿ ಕಾಫಿ ಗಿಡಗಳ ನಡುವೆ ಇದೆ, ಹೋಗುವಷ್ಟರಲ್ಲಿ ಕತ್ತಲಾಗುತ್ತದೆ. ಈ ಕಡೆ ಆ ಹೊತ್ತಿಗೆ ಯಾರೂ ಒಂಟಿಯಾಗಿ ತೋಟದೊಳಗೆ ನಡೆಯುವುದಿಲ್ಲ. ಕುತ್ತಿಗೆಗೆ ರೇಡಿಯೋ ಕಾಲರ್ ಹಾಕಿದ ಆನೆಗಳು ಎಲ್ಲಿವೆ ಎಂದು ಮೊಬೈಲಿಗೆ ಮೆಸೇಜು ಬರುತ್ತದೆ. ಎಲ್ಲ ಆನೆಗೂ ಕಾಲರ್ ಇರುವುದಿಲ್ಲ. ಹಿಂದಿನ ವರ್ಷ ನಮ್ಮ ಮನೆಯಿಂದ ಕೂಗಳತೆಯಲ್ಲಿ, ಕೆಲಸ ಮುಗಿಸಿ ಬರುತ್ತಿದ್ದ ಒಬ್ಬರನ್ನು ಆನೆ ತುಳಿದಿತ್ತು.

ಎರಡು ಸಲ ಎಸ್ಟೇಟಿನ ಜೀಪಿನವರು ಅಪ್ಪನನ್ನು ತಂದು ಬಿಟ್ಟರು. ಮೂರನೆಯ ಸಲ ನಾನೇ ಟಾರ್ಚ್ ಹಿಡಿದು ಹೋದೆ. ಸ್ಟೋರಿನ ಮೂಲೆಯಲ್ಲಿ, ತುಕ್ಕು ಹಿಡಿದ ಎಂಜಿನ್ನಿನ ಪಕ್ಕ, ಅದರ ಚಕ್ರದ ಮೇಲೆ ಕೈಯಿಟ್ಟು ಕುಳಿತಿದ್ದರು. "ಹಣ್ಣು ಬಂದೈತೆ, ಎಂಜಿನ್ ಸದ್ದೇ ಇಲ್ಲ. ಯಾರೂ ಹೊಲ್ಡುಸ್ಲಿಲ್ವಾ?" ಎಂದರು. ವಾಪಸು ಬರುವಾಗ ದಾರಿಯಲ್ಲಿ ಹಸಿ ಲದ್ದಿ ಇತ್ತು. ಹೋಗುವಾಗ ಇರಲಿಲ್ಲ.

"ನಾನೆಷ್ಟು ದಿನ ಅಂತ ಬಾಗ್ಲಿಗೆ ಅಡ್ಡ ನಿಂತ್ಕಳ್ಲಿ?" ಎಂದಳು ಅಮ್ಮ. "ನಿನ್ನೆ ನನ್ನ ತಳ್ಳುಬುಟ್ರು ಕಣೆ. ನನ್ನ ಮುಖ ನೋಡಿ, ಯಾರಮ್ಮ ನೀನು, ಡ್ಯೂಟಿಗೆ ಹೊತ್ತಾಯ್ತು ಅಂತಾರೆ. ಆ ಸದ್ದು ಕೇಳುಸ್ಲಿಲ್ಲ ಅಂತ ತಾನೆ ಹೋಗದು? ಕೇಳುದ್ರೆ ಹೋಗ್ತಿರ್ಲಿಲ್ಲ."

ಅಮ್ಮ ಸುಮ್ಮನೆ ಹೇಳಿದ್ದು. ನಾನು ಹಾಗೆ ತೆಗೆದುಕೊಳ್ಳಲಿಲ್ಲ. ಮೊಬೈಲಿನಲ್ಲಿ ರೆಕಾರ್ಡ್ ಹಾಕಿದರೆ ಆಗುತ್ತಿರಲಿಲ್ಲ, ಆ ಎಂಜಿನ್ನಿನ ಸದ್ದು ಯಾರ ಬಳಿಯೂ ಇರಲಿಲ್ಲ. ಅದೇ ಎಂಜಿನನ್ನು ಚಿಕ್ಕದಾಗಿ ಮಾಡಬೇಕು, ಅದು ನಿಜವಾಗಿ ಓಡಬೇಕು, ಅಪ್ಪ ಅದರ ಬಳಿ ಕುಳಿತಿರಬೇಕು. ಅಷ್ಟೇ ನನ್ನ ಲೆಕ್ಕ.

ಎಸ್ಟೇಟಿನವರಿಗೆ ಹೇಳಿ ಒಂದು ಹಗಲಿಡೀ ಸ್ಟೋರಿನಲ್ಲಿ ಕುಳಿತು ಹಳೆಯ ಎಂಜಿನ್ನಿನ ಪ್ರತಿಯೊಂದು ಭಾಗವನ್ನೂ ವರ್ನಿಯರ್ ಹಿಡಿದು ಅಳೆದೆ. ಅಂಗೈ ಮೇಲೆ ಕೂರುವಂಥ ಆಟಿಕೆ ಬೇಡವಾಗಿತ್ತು. ಹೊಲಿಗೆ ಯಂತ್ರದಷ್ಟು ಗಾತ್ರಕ್ಕೆ ಇಳಿಸಿ ಚಿತ್ರ ಬರೆದುಕೊಂಡೆ. ಸಿಲಿಂಡರಿಗೆ ಬೀಡು ಕಬ್ಬಿಣದ ತುಂಡು ಹಾಸನದ ಗುಜರಿಯಲ್ಲಿ ಸಿಕ್ಕಿತು. ಚಕ್ರಗಳಿಗೆ ಅಪ್ಪನ ಶೆಡ್ಡಿನಲ್ಲೇ ಬಿದ್ದಿದ್ದ ಹಳೆಯ ಪುಲ್ಲಿಗಳು ಆದವು. ಕಂಪನಿಯ ಕೆಲಸ ಮುಗಿಸಿ ಸಂಜೆಯವರೆಗೆ ಲೇಥಿನ ಮುಂದೆ ನಿಲ್ಲುತ್ತಿದ್ದೆ. ಅಪ್ಪ ಸ್ಟೂಲಿನ ಮೇಲೆ ಕುಳಿತು ಉದುರುವ ಕಬ್ಬಿಣದ ಸುರುಳಿಗಳನ್ನು ನೋಡುತ್ತಿದ್ದರು. ಬಿಸಿಲು ಮರದ ತುದಿಗೆ ಏರುತ್ತಿದ್ದ ಹಾಗೆ ಅವರ ಕಾಲು ಅಲುಗಲು ಶುರುವಾಗುತ್ತಿತ್ತು. ಆಗ ಅಮ್ಮ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು.

ಕೆಳಗಿನ ತಿರುವಿನಲ್ಲಿ ಒಬ್ಬರಿದ್ದಾರೆ, ಅದೇ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿ ನಿವೃತ್ತರಾದವರು. ನಮಗೆಲ್ಲ ಅವರು ರೈಟರ್ ಮಾವ. ಆಗಾಗ ಬಂದು ಶೆಡ್ಡಿನ ಬಾಗಿಲಿಗೆ ಒರಗಿ ನಿಲ್ಲುತ್ತಿದ್ದರು.

"ಏನವ್ವ ಇಂಜಿನಿಯರಮ್ಮ, ಇಷ್ಟು ಓದಿ ಬೊಂಬೆ ಎಂಜಿನ್ ಮಾಡ್ತಿದ್ಯಾ? ಇದ್ರಲ್ಲೇನು, ಇರುವೆ ತೋಟದ ಕಾಫಿ ಪಲ್ಪಿಂಗ್ ಮಾಡ್ತೀಯ?"

"ಅಪ್ಪನಿಗೆ ಮಾವ."

"ನಿಮ್ಮಪ್ಪಂಗಾ? ಹಂಗಾರೆ ಸರಿ. ಇವ್ನು ಮದ್ವೆ ದಿನಾನೂ ಸ್ಟೋರಿಗೆ ಬಂದು ಎಂಜಿನ್ ಮುಟ್ಟಿ ನೋಡ್ಕಂಡು ಹೋಗಿದ್ದ. ನಿಮ್ಮಮ್ಮಂಗೆ ಹೇಳ್ಬ್ಯಾಡ."

"ಕೇಳುಸ್ತು ಕಣ್ರೀ," ಎಂದಳು ಅಮ್ಮ ಒಳಗಿನಿಂದ.

ಎಂಜಿನ್ ಮೊದಲ ಸಲ ಓಡಿದಾಗ ಅಪ್ಪ ತಿರುಗಿ ಕೂಡ ನೋಡಲಿಲ್ಲ. ಸದ್ದು ತೆಳ್ಳಗಿತ್ತು, ಯಾರೋ ಬೆರಳಿನಿಂದ ತಟ್ಟೆ ಬಡಿದ ಹಾಗೆ. ಹಳೆಯ ಎಂಜಿನ್ನಿನ ಹೊಗೆ ಸ್ಟೋರಿನ ಹಿಂದೆ ಕಲ್ಲು ಕಟ್ಟಿದ ಒಂದು ಗುಂಡಿಗೆ ಇಳಿದು ಅಲ್ಲಿಂದ ಹೊರಬರುತ್ತಿದ್ದದ್ದು ನೆನಪಾಯಿತು. ಆ ದಪ್ಪನೆಯ ಸದ್ದು ಎಂಜಿನ್ನಿನದಲ್ಲ, ಗುಂಡಿಯದು. ಹಾಗಾಗಿ ಶೆಡ್ಡಿನ ಹಿಂದೆ ನೆಲ ತೋಡಿ, ಖಾಲಿ ಡ್ರಮ್ಮೊಂದನ್ನು ಬಾಯಿ ಮೇಲೆ ಮಾಡಿ ಹೂಳಿ, ಹೊಗೆ ಕೊಳವೆಯನ್ನು ಗೋಡೆಯ ತೂತಿನಿಂದ ಹಾಯಿಸಿ ಅದರ ಬುಡಕ್ಕೆ ಸೇರಿಸಿದೆ. ಕೊಳವೆಯ ತುಂಡುಗಳು ಸೇರುವ ಒಂದು ಕೂಡು ಎಂಜಿನ್ ಪಕ್ಕದಲ್ಲೇ ಇತ್ತು. ಎಷ್ಟು ಬಿಗಿಸಿದರೂ ಅಲ್ಲಿ ಸ್ವಲ್ಪ ಹೊಗೆ ಸೋರುತ್ತಿತ್ತು. ಆಮೇಲೆ ಸರಿಮಾಡಿದರಾಯಿತು ಎಂದು ಬಿಟ್ಟೆ.

ಈ ಸಲ ಸದ್ದು ನೆಲದಿಂದ ಬಂತು. ಕಾಲಿನ ಅಡಿಗೆ ಮೊದಲು ತಿಳಿಯಿತು, ಆಮೇಲೆ ಕಿವಿಗೆ. ಕಣಿವೆಯಾಚೆಯ ಗುಡ್ಡಕ್ಕೆ ಹೋಗಿ ತಾಗಿ ಬಂತು. ಅಪ್ಪ ತಲೆ ಎತ್ತಿದರು. ಬಹಳ ಹೊತ್ತು ಕೇಳಿದರು. ಆಮೇಲೆ ಖಾಕಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಎದ್ದರು.

"ಇದು ನಮ್ದಲ್ಲ," ಎಂದರು.

ಅವತ್ತು ಅವರನ್ನು ತಡೆಯಲು ಅಮ್ಮ ಮತ್ತು ನಾನು ಇಬ್ಬರೂ ಬೇಕಾಯಿತು.

ಚಿತ್ರಗಳನ್ನು ಮತ್ತೆ ತೆಗೆದು ಕುಳಿತೆ. ಹಳೆಯ ಎಂಜಿನ್ನಿನ ಕೊಕ್ಕೆಯ ಮೂಗಿನಲ್ಲಿ ಒಂದು ಸಣ್ಣ ಕಚ್ಚು ಇತ್ತು. ಸವೆದದ್ದೆಂದು ತಿಳಿದು, ಚಿತ್ರ ಬರೆಯುವಾಗ ಅದನ್ನು ನೇರ ಮಾಡಿದ್ದೆ. ಓದಿದವರು ಮಾಡುವುದೇ ಹಾಗೆ, ಸವೆದದ್ದನ್ನು ಅಳೆಯುವುದಿಲ್ಲ, ಹೊಸದಾಗಿದ್ದಾಗ ಹೇಗಿತ್ತೆಂದು ಊಹಿಸಿ ಬರೆಯುತ್ತೇವೆ. ಫೋಟೋ ದೊಡ್ಡದು ಮಾಡಿ ನೋಡಿದರೆ ಅದು ಸವೆತವಲ್ಲ, ಅರದ ಗೆರೆಗಳು ಕಾಣುತ್ತಿದ್ದವು. ಅಪ್ಪನೇ ಎಂದೋ ಉಜ್ಜಿದ್ದು. ಆ ಕಚ್ಚಿನಿಂದಾಗಿ ಕೊಕ್ಕೆ ತುಸು ಹೆಚ್ಚು ಹೊತ್ತು ಹಿಡಿಯುತ್ತಿತ್ತು, ಎಂಜಿನ್ ಉಸಿರನ್ನು ಇನ್ನಷ್ಟು ಎಳೆದು ಆಮೇಲೆ ಸಿಡಿಯುತ್ತಿತ್ತು. ನಾನೂ ಅರ ತೆಗೆದುಕೊಂಡು ಅದೇ ಜಾಗದಲ್ಲಿ ಕಚ್ಚು ಹಾಕಿದೆ.

ಮರುದಿನ ಎಂಜಿನ್ ಹೊರಡಿಸಿದಾಗ ಅಪ್ಪ ಎದ್ದು ಬಂದರು. ಅಂಗೈಯನ್ನು ಸಿಲಿಂಡರಿನ ಮೇಲಿನ ನೀರಿನ ತೊಟ್ಟಿಗೆ ಇಟ್ಟು ಬಿಸಿ ನೋಡಿದರು. ವೇಸ್ಟ್ ಬಟ್ಟೆಯಿಂದ ಚಕ್ರದ ಅಂಚನ್ನು ಒರೆಸಿದರು. ಅದು ಎಷ್ಟು ಚಿಕ್ಕದೆಂದು ಅವರಿಗೆ ತೋರಲೇ ಇಲ್ಲ. ಆಮೇಲೆ ಸ್ಟೂಲನ್ನು ಎಳೆದುಕೊಂಡು, ಡ್ಯೂಟಿಯ ಮೇಲಿರುವವರ ಹಾಗೆ, ಕುಳಿತುಬಿಟ್ಟರು. ಬಾಗಿಲಲ್ಲಿ ನಿಂತಿದ್ದ ಅಮ್ಮ ಹಾಗೇ ಕೆಳಗೆ ಕೂತಳು. ಎಷ್ಟೋ ದಿನಗಳ ಮೇಲೆ ಅವಳು ಆ ಹೊತ್ತಿನಲ್ಲಿ ಕೂತದ್ದು.

ತೊಂದರೆಯಾದದ್ದು ನಿಲ್ಲಿಸುವಾಗ.

ಕತ್ತಲಾಗುವ ಮುಂಚೆ ನಾನು ಎಂಜಿನ್ ಆರಿಸಲು ಹೋದರೆ ಅಪ್ಪ ನನ್ನ ಕೈ ಹಿಡಿದುಕೊಳ್ಳುತ್ತಿದ್ದರು. ಗೋಡೆಯ ಮೇಲೆ ಏನನ್ನೋ ಹುಡುಕುತ್ತಿದ್ದರು. ತಗಡಿಗೆ ಮುಷ್ಟಿಯಿಂದ ಬಡಿಯುತ್ತಿದ್ದರು. ಎಂಜಿನ್ ನಿಂತ ಮೇಲೆ ನಮ್ಮಿಬ್ಬರನ್ನೂ ಹೊರಗೆ ಬಿಡದೆ ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದರು. "ಈಗ ಬ್ಯಾಡ. ಈಗ ನಮ್ದಲ್ಲ," ಎನ್ನುತ್ತಿದ್ದರು.

ಎರಡು ಮೂರು ಸಂಜೆ ಹೀಗಾದ ಮೇಲೆ ಅಮ್ಮನಿಗೆ ಹೊಳೆಯಿತು. "ಕಂಬಿ ಹುಡುಕ್ತಾವ್ರೆ ಕಣೆ. ಎಂಜಿನ್ ನಿಲ್ಸೋಕೆ ಮುಂಚೆ ಸ್ಟೋರಲ್ಲಿ ಕಂಬಿ ಬಡೀತಿದ್ರಲ್ಲ. ಲೈನಿಗೆಲ್ಲ ಕೇಳ್ತಿತ್ತು."

ನನಗೂ ನೆನಪಿತ್ತು. ಸ್ಟೋರಿನ ತೊಲೆಗೆ ರೈಲು ಕಂಬಿಯ ತುಂಡೊಂದು ನೇತಾಡುತ್ತಿತ್ತು. ಅದರ ಸದ್ದು ಕೇಳಿದ ಕೂಡಲೇ ಅಮ್ಮ ನನ್ನನ್ನು ಒಳಗೆ ಎಳೆದುಕೊಂಡು ಬಾಗಿಲು ಹಾಕಿ ಅನ್ನ ಬಡಿಸುತ್ತಿದ್ದಳು. ಕಂಬಿ ಎಂದರೆ ಊಟದ ಗಂಟೆ ಎಂದೇ ನಾನು ಬೆಳೆದವಳು.

ಶೆಡ್ಡಿನ ತೊಲೆಗೂ ಒಂದು ಕಬ್ಬಿಣದ ತುಂಡನ್ನು ತೂಗಿಹಾಕಿದೆ. ಅಪ್ಪ ಅದನ್ನು ನೋಡಿದ ಕೂಡಲೇ ಸುತ್ತಿಗೆ ಎತ್ತಿಕೊಂಡರು. ಬಡಿದು, ಕೇಳಿ, ಆಮೇಲೆ ತಾವೇ ಎಂಜಿನ್ ಆರಿಸಿದರು. ಚಕ್ರಗಳು ನಿಂತ ಮೇಲೂ ಕದಲದೆ ನಿಂತಿದ್ದರು. ಆಮೇಲೆ, ಏನೋ ಮುಗಿಯಿತೆಂಬಂತೆ, ಬಾಗಿಲು ತೆರೆದು ಮನೆಗೆ ನಡೆದರು. ರಾತ್ರಿ ಚೆನ್ನಾಗಿ ನಿದ್ದೆ ಮಾಡಿದರು. ಅವರು ರಸ್ತೆಗೆ ಇಳಿಯುವುದು ನಿಂತೇ ಹೋಯಿತು. ನಾನು ಮಾಡಿದ ಎಂಜಿನ್ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಬಂತು.

ಡ್ರಮ್ಮಿನ ಬಳಿ ಮೊದಲು ಕಂಡದ್ದು ಕೆಸರು. ಕೊಯ್ಲಿನ ಕಾಲ, ಮಳೆಯ ಮಾತೇ ಇಲ್ಲ, ನೆಲ ಒಣಗಿತ್ತು. ಆದರೂ ಶೆಡ್ಡಿನ ಹಿಂದಿನ ತಗಡಿನ ಮೇಲೆ, ನಾನು ಕೈ ಎತ್ತಿದರೂ ಎಟುಕದಷ್ಟು ಮೇಲೆ, ಉಜ್ಜಿದ ಹಾಗೆ ಕೆಸರು ಮೆತ್ತಿತ್ತು. ಆಮೇಲೆ ಒಂದು ದಿನ ಡ್ರಮ್ಮಿನ ಬಾಯಿ ಒಂದು ಕಡೆ ಒಳಗೆ ಮಡಚಿತ್ತು. ಬಾಳೆಗೆ ಏನೂ ಆಗಿರಲಿಲ್ಲ, ಹಲಸಿನ ಕೊಂಬೆಗೂ ಆಗಿರಲಿಲ್ಲ. ಬಂದದ್ದು ತಿನ್ನಲು ಬಂದಿರಲಿಲ್ಲ. ಸಂಜೆ ಎಂಜಿನ್ ನಿಂತ ಮೇಲೆ ಜೀರುಂಡೆಗಳು ಸುಮ್ಮನಾಗುತ್ತಿದ್ದವು ಎಂಬುದನ್ನೂ ಆಗ ಗಮನಿಸಿದೆ. ನಮ್ಮ ನಾಯಿ ಬೊಗಳದೆ ಮಂಚದ ಕೆಳಗೆ ಹೋಗಿ ಮಲಗುತ್ತಿತ್ತು.

ರೈಟರ್ ಮಾವನನ್ನು ಕರೆದು ತೋರಿಸಿದೆ. ಅವರು ಕೆಸರನ್ನು ಉಗುರಿನಿಂದ ಕೆರೆದು ನೋಡಿದರು. ಅವತ್ತು ತಮಾಷೆ ಮಾಡಲಿಲ್ಲ.

"ನಾನು ಮೊನ್ನೆ ಮನೇಲಿ ಕೂತಿದ್ದೆ, ಈ ಸದ್ದು ಕೇಳುಸ್ತು. ಮೈ ಜುಮ್ಮಂತು ಕಣವ್ವ. ಸದ್ದು ನಿಲ್ತಿದ್ದಂಗೆ ಹೋಗಿ ಬಾಗ್ಲು ಹಾಕ್ಕಂಡೆ. ಯಾಕೆ ಹಾಕ್ಕಂಡೆ ಅಂತ ಆಮೇಲೆ ಯೋಚ್ನೆ ಬಂತು."

"ಯಾಕೆ ಮಾವ?"

"ಎಂಜಿನ್ ಓಡೋ ಗಂಟ ಸ್ಟೋರಿನ ಸುತ್ತ ಜನ, ಲಾಂದ್ರ, ಗಲಾಟೆ. ಆನೆಗ್ಳು ಬತ್ತಿರ್ಲಿಲ್ಲ. ಗುಡ್ಡದ ಮೇಲೆ ನಿಂತು ಕೇಳ್ತಿದ್ವು. ಎಂಜಿನ್ ನಿಂತ್ರೆ ಜನ ಹೋದ್ರು ಅಂತ ಅವಕ್ಕೆ ಗೊತ್ತು. ಆಮೇಲೆ ಇಳಿದು ಬಂದು ತೊಟ್ಟಿ ನೀರು ಕುಡಿಯೋವು, ಸಿಪ್ಪೆ ರಾಶಿಗೆ ಬಾಯಿ ಹಾಕೋವು. ಅದುಕ್ಕೇ ನಿಮ್ಮಪ್ಪ ಕಂಬಿ ಬಡೀತಿದ್ದ. ಕಂಬಿ ಆದ್ಮೇಲೆ ನಮ್ದು ಮುಗೀತು, ಅವುರ್ದು ಶುರು. ಎಷ್ಟು ವರ್ಷ ಹಂಗೇ ನಡೀತು, ಒಬ್ರಿಗೂ ಏನೂ ಆಗ್ಲಿಲ್ಲ."

"ಎಂಜಿನ್ ನಿಂತು ಎಷ್ಟು ವರ್ಷ ಆಯ್ತಲ್ಲ."

"ನಿಮ್ಮಪ್ಪ ಎಲ್ಲ ಮರ್ತ, ಇದೊಂದು ಮರ್ತಿಲ್ಲ. ಆಗಿನ ಮರಿ ಈಗ ದೊಡ್ಡದಾಗಿರ್ತದೆ, ಮಾರಾಯ್ತಿ. ಅದ್ಯಾಕೆ ಮರೀತದೆ?"

ರಾತ್ರಿ ಅಮ್ಮ ಮತ್ತು ನಾನು ಅಡುಗೆಮನೆಯಲ್ಲಿ ಕುಳಿತು ಮಾತಾಡಿದೆವು. ಎಂಜಿನ್ ಓಡಿಸುವುದನ್ನೇ ಬಿಟ್ಟರೆ ಅಪ್ಪ ತೋಟದೊಳಗೆ ಆನೆಯ ಬಳಿಗೆ ಹೋಗುತ್ತಾರೆ. ಓಡಿಸಿದರೆ ಅದು ಅಪ್ಪನ ಬಳಿಗೆ ಬರುತ್ತದೆ. ನಾನು ಎರಡನೆಯದನ್ನೇ ಆಯ್ದುಕೊಂಡೆ, ಅದಕ್ಕೊಂದು ಕ್ರಮವಿತ್ತಲ್ಲ ಎಂಬ ಧೈರ್ಯದಿಂದ. ಹೊರಗಿನ ಕೆಲಸವೆಲ್ಲ ಎಂಜಿನ್ ಓಡುತ್ತಿರುವಾಗಲೇ ಮುಗಿಯಬೇಕು. ಕಂಬಿ ಬಡಿದ ಮೇಲೆ ಎಲ್ಲರೂ ಒಳಗೆ. ಲೈನಿನಲ್ಲಿ ಎಲ್ಲರೂ ಬದುಕಿದ್ದು ಹಾಗೆಯೇ. ಕೆಲವು ವಾರ ನಾವೂ ಬದುಕಿದೆವು. ಸಂಜೆ ಶೆಡ್ಡಿನೊಳಗೆ ಮೂವರೂ ಬಾಗಿಲು ಹಾಕಿಕೊಂಡು, ಉಸಿರು ಸಣ್ಣ ಮಾಡಿಕೊಂಡು, ಅಪ್ಪ ತಲೆಯಾಡಿಸುವವರೆಗೆ ಕಾಯುತ್ತಿದ್ದೆವು. ಹೊರಗೆ ಏನೂ ಕೇಳುತ್ತಿರಲಿಲ್ಲ. ಅಷ್ಟು ದೊಡ್ಡ ಪ್ರಾಣಿ ಅಷ್ಟು ಸದ್ದಿಲ್ಲದೆ ನಿಲ್ಲಬಲ್ಲದು ಎಂಬುದು ಕೇಳುವುದಕ್ಕಿಂತ ಕಷ್ಟದ್ದಾಗಿತ್ತು.

ಆ ಸಂಜೆ ಮಂಜು ಬೇಗ ಇಳಿದಿತ್ತು. ಅಂಗಳದಲ್ಲಿ ನಮ್ಮದೇ ಒಂದಿಷ್ಟು ಕಾಫಿ ಹಣ್ಣು ಒಣಗಲು ಹಾಕಿತ್ತು. ಇಬ್ಬನಿಗೆ ನೆನೆಯಬಾರದೆಂದು ಅಮ್ಮ ಅದನ್ನು ಟಾರ್ಪಾಲಿನಿಂದ ಮುಚ್ಚಲು ಹೊರಗೆ ಹೋಗಿದ್ದಳು. ಎಂಜಿನ್ ಓಡುತ್ತಿತ್ತು. ಅಪ್ಪ ಸ್ಟೂಲಿನ ಮೇಲೆ. ನಾನು ಎಣ್ಣೆ ಕುಪ್ಪಿ ಹಿಡಿದು ಪಕ್ಕದಲ್ಲಿ.

ಎಂಜಿನ್ 'ಠಪ್' ಎಂದಿತು. ಉಸಿರು ಎಳೆಯಿತು. ಎಳೆಯುತ್ತಲೇ ಹೋಯಿತು. ಮುಂದಿನ ಸದ್ದಿಗಾಗಿ ನಾನು ಕಾದೆ. ಚಕ್ರಗಳು ನಿಧಾನವಾದವು, ಅವುಗಳ ಅರೆಗಳನ್ನು ಬಿಡಿಬಿಡಿಯಾಗಿ ಎಣಿಸಬಹುದಾಯಿತು, ನಿಂತವು. ಕೊಕ್ಕೆ ಬಿಟ್ಟಿರಲಿಲ್ಲ. ಸ್ಟೋರಿನ ಎಂಜಿನ್ನಿನ ದೊಡ್ಡ ಕೊಕ್ಕೆಗೆ ಸರಿಯಾಗಿದ್ದ ಕಚ್ಚು ಈ ಪುಟ್ಟ ಕೊಕ್ಕೆಗೆ ಬಿಸಿಯಾದಾಗ ಜಾಸ್ತಿಯಾಗಿ ಸಿಕ್ಕಿಕೊಂಡಿತ್ತು. ಅಪ್ಪನ ಕೈ ಮುಟ್ಟದೆ, ಕಂಬಿ ಬಡಿಯದೆ, ಎಂಜಿನ್ ನಿಂತಿತ್ತು.

ನಾನು ಬಾಗಿಲಿಗೆ ಹೋದೆ. ಅಮ್ಮ ಟಾರ್ಪಾಲಿನ ಅಂಚಿಗೆ ಕಲ್ಲು ಇಡುತ್ತ ಬಗ್ಗಿದ್ದಳು, ಮುಖ ನನ್ನ ಕಡೆಗೆ. ಅವಳ ಹಿಂದೆ ಸಿಲ್ವರ್ ಮರಗಳು ಇರಬೇಕಾಗಿತ್ತು. ಕಾಣಲಿಲ್ಲ. ಮಂಜು ಅಂದುಕೊಂಡೆ. ಆದರೆ ಮಂಜು ಬೆಳ್ಳಗಿತ್ತು, ಅವಳ ಹಿಂದಿದ್ದದ್ದು ಕಪ್ಪಗಿತ್ತು. ಅದು ಯಾವಾಗ ಇಳಿದು ಬಂತೋ, ಎಷ್ಟು ಹೊತ್ತಿನಿಂದ ಅಲ್ಲಿ ನಿಂತು ಕಾಯುತ್ತಿತ್ತೋ ಗೊತ್ತಿಲ್ಲ.

ಕೂಗಲು ಬಾಯಿ ತೆರೆದೆ. ಅಮ್ಮ ಬಗ್ಗಿದಲ್ಲಿಂದಲೇ ನನ್ನನ್ನು ನೋಡಿ ತಲೆಯನ್ನು ಸ್ವಲ್ಪವೇ ಅಡ್ಡ ಆಡಿಸಿದಳು. ಅವಳಿಗೆ ಗೊತ್ತಿತ್ತು. ಕೈಯಲ್ಲಿದ್ದ ಕಲ್ಲನ್ನು ಕೆಳಗಿಡದೆ ಹಾಗೇ ಹಿಡಿದಿದ್ದಳು.

ನನ್ನ ಹಿಂದೆ ಸ್ಟೂಲು ಜರುಗಿದ ಸದ್ದಾಯಿತು. ಅಪ್ಪ ಹೊರಗೆ ಬರುತ್ತಾರೆಂದು ಬಾಗಿಲಿಗೆ ಅಡ್ಡವಾಗಿ ಕೈಚಾಚಿದೆ. ಅವರು ಬಾಗಿಲ ಕಡೆ ಬರಲಿಲ್ಲ. ಎಂಜಿನ್ ಮೇಲೆ ಬಗ್ಗಿ, ಹೆಬ್ಬೆರಳಿನ ಉಗುರಿನಿಂದ ಕೊಕ್ಕೆಯನ್ನು ಮೇಲಕ್ಕೆ ತಳ್ಳಿ, ಇನ್ನೊಂದು ಕೈಯಿಂದ ಚಕ್ರವನ್ನು ಒಮ್ಮೆ ಎಳೆದು ಬಿಟ್ಟರು. ಆತುರವೇ ಇರಲಿಲ್ಲ. ಅಂಗಳದಲ್ಲಿ ಯಾರಿದ್ದಾರೆ, ಅವಳು ತಮಗೆ ಏನಾಗಬೇಕು ಎಂಬುದು ಅವರಿಗೆ ಗೊತ್ತಿತ್ತೆಂದು ನಾನು ಹೇಳಲಾರೆ. ಹೊತ್ತಿಗೆ ಮುಂಚೆ ಎಂಜಿನ್ ನಿಂತಿದೆ, ಇನ್ನೂ ಹೊರಗೆ ಜನವಿದ್ದಾರೆ, ಅಷ್ಟು ಅವರಿಗೆ ಗೊತ್ತಿತ್ತು.

'ಠಪ್' ಎಂದಿತು ನೆಲ.

ಕಪ್ಪಿನಲ್ಲಿ ಕಿವಿಯೊಂದು ಬೀಸುತ್ತಿದ್ದದ್ದು ನಿಂತಿತು. ಅದು ಬೀಸುತ್ತಿತ್ತೆಂಬುದು ನಿಂತಾಗಲೇ ನನಗೆ ತಿಳಿದದ್ದು. ಮತ್ತೊಮ್ಮೆ 'ಠಪ್' ಎಂದಿತು. ಅಮ್ಮನ ಹಿಂದಿನ ಕತ್ತಲು ಒಂದು ಕಡೆಯಿಂದ ತೆಳುವಾಗುತ್ತ ಬಂತು, ಸಿಲ್ವರ್ ಮರಗಳು ಮೂಡಿದವು. ಒಂದು ಕಡ್ಡಿ ಮುರಿದ ಸದ್ದೂ ಇಲ್ಲ. ತಪ್ಪು ಹೊತ್ತಿಗೆ ಬಂದೆನೆಂದು ಅದೂ ಕ್ರಮ ಹಿಡಿದು ಹಿಂದಕ್ಕೆ ಹೋದಂತಿತ್ತು.

ಅಮ್ಮ ಕಲ್ಲನ್ನು ಟಾರ್ಪಾಲಿನ ಮೇಲೆ ಇಟ್ಟಳು. ಓಡದೆ ನಡೆದು ಬಂದಳು. ಒಳಗೆ ಬಂದು ಗೋಡೆಗೆ ಒರಗಿ, "ಬೆನ್ನಿಗೆ ಬಿಸಿ ತಗುಲ್ತಿತ್ತು ಕಣೆ," ಎಂದಳು. ಕೈಯ ಮಣ್ಣನ್ನು ಸೆರಗಿಗೆ ಒರೆಸಿಕೊಳ್ಳುತ್ತ, "ಮೊದ್ಲು ನಿಮ್ಮಪ್ಪನೇನೋ ಹಿಂದೆ ಬಂದು ನಿಂತ್ರು ಅಂದ್ಕಂಡೆ," ಎಂದಳು.

ಅಪ್ಪ ಅವಳ ಕಡೆ ನೋಡಲಿಲ್ಲ. ಇನ್ನಷ್ಟು ಹೊತ್ತು ಎಂಜಿನ್ ಓಡಿಸಿ, ಸುತ್ತಿಗೆ ತೆಗೆದುಕೊಂಡು ಕಂಬಿ ಬಡಿದು, ತಾವೇ ಆರಿಸಿದರು. ನಾವು ಬಾಗಿಲು ಹಾಕಿ ಕುಳಿತೆವು. ನನ್ನ ಕೈ ಎಂಜಿನ್ ಪಕ್ಕದ ಮೇಜಿನ ಮೇಲಿತ್ತು, ಹೊಗೆ ಸೋರುವ ಆ ಕೂಡಿನ ಹತ್ತಿರ.

ಕೈಗೆ ಗಾಳಿ ತಗುಲಿತು.

ಎಂಜಿನ್ ನಿಂತಿತ್ತು, ಚಕ್ರಗಳು ನಿಂತಿದ್ದವು. ಆದರೂ ಕೂಡಿನ ಸಂದಿಯಿಂದ ಬೆಚ್ಚಗಿನ ಒದ್ದೆ ಗಾಳಿ ಬಂತು, ನಿಂತಿತು, ಮತ್ತೆ ಬಂತು. ಸುಟ್ಟ ಸೀಮೆಎಣ್ಣೆಯ ವಾಸನೆಯಲ್ಲ, ಅಗಿದ ಬಿದಿರೆಲೆಯ ವಾಸನೆ. ಗೋಡೆಯ ಆಚೆ ಡ್ರಮ್ಮಿನ ಬಾಯಿಗೆ ಸೊಂಡಿಲಿಟ್ಟು ಅದು ಒಳಗೆ ಏನಿದೆಯೆಂದು ಕೇಳುತ್ತಿತ್ತು. ನಾನು ಕೈ ತೆಗೆಯಲಿಲ್ಲ. ತೆಗೆದರೆ ಆಚೆಗೆ ತಿಳಿದೀತೆಂದು ಅನ್ನಿಸಿತು. ಅಪ್ಪ ಮಾತ್ರ ಕತ್ತಲಲ್ಲಿ ತಲೆಯಾಡಿಸುತ್ತ ಕುಳಿತಿದ್ದರು, ಎಲ್ಲ ಸರಿಯಾಗಿ ನಡೆದಿದೆ ಎಂಬಂತೆ.

ಮರುದಿನ ಬೆಳಿಗ್ಗೆ ಡ್ರಮ್ಮನ್ನು ಅಗೆದು ತೆಗೆದೆ. ಮಣ್ಣು ತುಂಬಿದೆ. ಕೊಕ್ಕೆಯ ಕಚ್ಚನ್ನು ಉಜ್ಜಿ ಕಡಿಮೆ ಮಾಡಿದೆ. ಹೊಗೆ ಕೊಳವೆಯನ್ನು ಕತ್ತರಿಸಿ ತುದಿಗೆ ಲೇಥಿನ ಕಬ್ಬಿಣದ ಸುರುಳಿ ತುರುಕಿದ ಒಂದು ಡಬ್ಬಿ ಕಟ್ಟಿದೆ. ಸದ್ದು ಶೆಡ್ಡಿನ ಬಾಗಿಲು ದಾಟದ ಹಾಗೆ. ಅಪ್ಪ ಮತ್ತೆ "ನಮ್ದಲ್ಲ" ಎಂದು ಎದ್ದು ಹೊರಟರೆ ಮುಂದೇನು ಎಂದು ನನಗೆ ಗೊತ್ತಿರಲಿಲ್ಲ. ಬಿಸಿಲು ಮರದ ತುದಿಗೆ ಏರಿದಾಗ ಅಮ್ಮ ಬಾಗಿಲಲ್ಲಿ ಬಂದು ನಿಂತಳು, ಮೊದಲಿನ ಹಾಗೆ.

ಎಂಜಿನ್ ಹೊರಡಿಸಿದೆ. ಬಹಳ ಸಣ್ಣ ಸದ್ದು, ಬಟ್ಟೆಯೊಳಗೆ ಗಡಿಯಾರ ಸುತ್ತಿಟ್ಟ ಹಾಗೆ. ಅಪ್ಪ ಖಾಕಿ ಅಂಗಿ ಹಾಕಿಕೊಂಡಾಗಿತ್ತು. ಎದ್ದು ನಿಂತರು. ತಲೆಯನ್ನು ಓರೆ ಮಾಡಿ ಕೇಳಿದರು. ಪಕ್ಕದಲ್ಲೇ ತಿರುಗುತ್ತಿದ್ದ ಎಂಜಿನನ್ನು ನೋಡಲಿಲ್ಲ, ಕಿಟಕಿಯಾಚೆ ಗುಡ್ಡದ ಕಡೆ ನೋಡಿದರು.

"ದೂರ ಐತೆ," ಎಂದರು.

ಅಮ್ಮ ಬಾಗಿಲಿಗೆ ಅಡ್ಡ ಕೈ ಚಾಚಿದಳು.

"ಸ್ಟೋರಿಂದ್ಲೇ ಬತ್ತಾ ಐತೆ. ಯಾರೋ ಹೊಲ್ಡುಸವ್ರೆ." ಅವರ ಭುಜಗಳು ಇಳಿದವು. ವೇಸ್ಟ್ ಬಟ್ಟೆಯನ್ನು ಮೇಜಿನ ಮೇಲಿಟ್ಟರು. "ನಾನು ಹೋಗೋದೇನು ಬ್ಯಾಡ ಅನ್ನು. ಯಾರವ್ರು?"

"ಒಂದು ಹುಡುಗಿ, ಅಪ್ಪ."

"ಹುಡ್ಗೀನಾ?" ಎಂದು ಸ್ವಲ್ಪ ಹೊತ್ತು ಕೇಳಿದರು. "ಪರ್ವಾಗಿಲ್ಲ. ಸರಿಯಾಗೇ ಓಡುಸ್ತಾ ಅವ್ಳೆ." ಆಮೇಲೆ ನನ್ನ ಮಣಿಕಟ್ಟು ಹಿಡಿದು ಹತ್ತಿರಕ್ಕೆ ಎಳೆದು, ಗುಟ್ಟು ಹೇಳುವವರ ಹಾಗೆ, "ಅವ್ಳಿಗೆ ಹೇಳು. ನಿಲ್ಸೋಕೆ ಮುಂಚೆ ಕಂಬಿ ಬಡೀಬೇಕು. ಮರೀಬಾರ್ದು. ಅವು ಕಾಯ್ತಾ ಇರ್ತವೆ," ಎಂದರು.

ಹೇಳುತ್ತೇನೆ ಎಂದೆ.

ಅಂದಿನಿಂದ ಅಪ್ಪ ರಸ್ತೆಗೆ ಇಳಿದಿಲ್ಲ. ಸಂಜೆ ಶೆಡ್ಡಿನಲ್ಲಿ ಕುಳಿತು, ದೂರದ ಎಂಜಿನ್ ಕೇಳುತ್ತ, ಡ್ಯೂಟಿ ಇಲ್ಲದವರ ನೆಮ್ಮದಿಯಲ್ಲಿ ತೂಕಡಿಸುತ್ತಾರೆ. ಈಗ ಸದ್ದು ಹೊರಗೆ ಹೋಗುವುದಿಲ್ಲ. ನಾನೇ ಅಂಗಳದಲ್ಲಿ ನಿಂತು ಪರೀಕ್ಷೆ ಮಾಡಿದ್ದೇನೆ, ಏನೂ ಕೇಳುವುದಿಲ್ಲ. ಆದರೂ ಎಂಜಿನ್ ಆರಿಸುವ ಮುಂಚೆ ಸುತ್ತಿಗೆ ತೆಗೆದುಕೊಂಡು ಕಂಬಿ ಬಡಿಯುತ್ತೇನೆ. ಅಮ್ಮ ಒಳಗೆ ಬಂದು ಬಾಗಿಲು ಹಾಕುತ್ತಾಳೆ. ಜೀರುಂಡೆಗಳು ಸುಮ್ಮನಾಗುತ್ತವೆ. ಅಪ್ಪ ತಲೆಯಾಡಿಸುವವರೆಗೆ ನಾವು ಕಾಯುತ್ತೇವೆ.